ರಾತ್ರಿ ಸ್ನ್ಯಾಪ್‌ಶಾಟ್ ಸರಿಯಾಗಿ ಆಗುತ್ತಿದೆ, ಲಾಗ್ ರೀಸ್ಟೋರ್ ಮಾತ್ರ ಆಗುತ್ತಿಲ್ಲ

ಪ್ರಶ್ನೆ: ಸರ್, ನಮ್ಮ ಆಸ್ಪತ್ರೆಯ ಬಿಲ್ಲಿಂಗ್ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2019ರಲ್ಲಿದೆ, ರಿಕವರಿ ಮಾಡೆಲ್ ಫುಲ್ (ಲಾಗ್ ಬ್ಯಾಕಪ್ ಆಗುವವರೆಗೆ ಪ್ರತಿ ಬದಲಾವಣೆಯ ದಾಖಲೆ ಲಾಗ್‌ನಲ್ಲೇ ಉಳಿಯುವ ವಿಧಾನ). ದಿನಾ ರಾತ್ರಿ ವಿಎಂ (ವರ್ಚುವಲ್ ಮೆಷಿನ್) ಸ್ನ್ಯಾಪ್‌ಶಾಟ್, ಅಂದರೆ ಇಡೀ ಮೆಷಿನ್‌ನ ಆ ಕ್ಷಣದ ಪ್ರತಿ, ಆಗುತ್ತದೆ, ಸ್ಟೇಟಸ್ ಯಾವಾಗಲೂ ಸಕ್ಸೆಸ್. ಲಾಗ್ ಫೈಲ್ ಬೆಳೆಯುತ್ತಿದೆ ಅಂತ ಎಸ್‌ಕ್ಯೂಎಲ್ ಸರ್ವರ್‌ನ ಏಜೆಂಟ್ ಜಾಬ್ (ಹೊತ್ತಿಗೆ ತಾನಾಗೇ ನಡೆಯುವ ಕೆಲಸ) ಹಾಕಿ ಲಾಗ್ ಬ್ಯಾಕಪ್ ಶುರು ಮಾಡಿದೆವು. ಟೆಸ್ಟ್ ರೀಸ್ಟೋರ್ ಮಾಡಿದರೆ ಎರರ್ 4305. ಸ್ನ್ಯಾಪ್‌ಶಾಟ್‌ನಿಂದ ಲಾಗ್ ಚೈನ್ (ಒಂದರ ಹಿಂದೊಂದು ಬರುವ ಲಾಗ್ ಬ್ಯಾಕಪ್‌ಗಳ ಸರಣಿ) ಮುರಿದುಹೋಯಿತಾ?

ಉತ್ತರ: ಇಲ್ಲ. ಸ್ನ್ಯಾಪ್‌ಶಾಟ್ ಆಗಲಿ, ಫುಲ್ ಬ್ಯಾಕಪ್ ಆಗಲಿ, ಲಾಗ್ ಚೈನ್ ಮುರಿಯುವುದಿಲ್ಲ. ಲಾಗ್‌ನ ಜಾಗವನ್ನೂ ಬಿಡಿಸುವುದಿಲ್ಲ, ಅದಕ್ಕೆ ಲಾಗ್ ಬ್ಯಾಕಪ್ಪೇ ಆಗಬೇಕು. ನಿಮ್ಮ ಫೈಲ್ ಬೆಳೆದದ್ದು ಅದಕ್ಕೇ.

4305 ಅಂದರೆ ನೀವು ಹಾಕುತ್ತಿರುವ ಲಾಗ್‌ಗೂ ಅದರ ಹಿಂದಿನದಕ್ಕೂ ನಡುವೆ ಒಂದು ಫೈಲ್ ಇಲ್ಲ. ವಿಎಂ ಬ್ಯಾಕಪ್ ಟೂಲ್ ಕೂಡ ಲಾಗ್ ತೆಗೆಯುತ್ತಿದೆಯಾ ಅಂತ ಮೊದಲು ನೋಡಿ. ಎಷ್ಟೋ ಟೂಲ್‌ಗಳಲ್ಲಿ ಆ ಸೆಟ್ಟಿಂಗ್ ಇರುತ್ತದೆ. ಹಾಗಾದರೆ ಅರ್ಧ ಚೈನ್ ಆ ಟೂಲ್ ಹತ್ತಿರ, ಅರ್ಧ ನಿಮ್ಮ ಹತ್ತಿರ. ಎಂಎಸ್‌ಡಿಬಿಯ (ಬ್ಯಾಕಪ್ ಇತಿಹಾಸ ಇರುವ ಸಿಸ್ಟಮ್ ಡೇಟಾಬೇಸ್) ಬ್ಯಾಕಪ್‌ಸೆಟ್ ಟೇಬಲ್‌ನಲ್ಲಿ ಲಾಗ್ ಬ್ಯಾಕಪ್‌ಗಳನ್ನು ಸಾಲಾಗಿ ತೆಗೆದು ನೋಡಿ: ಒಂದರ ಲಾಸ್ಟ್ ಎಲ್‌ಎಸ್‌ಎನ್ (ಲಾಗ್ ದಾಖಲೆಯ ಕ್ರಮಸಂಖ್ಯೆ), ಮುಂದಿನದರ ಫಸ್ಟ್ ಎಲ್‌ಎಸ್‌ಎನ್ ಒಂದೇ ಇರಬೇಕು. ಫೈಲ್ ಎಲ್ಲಿಗೆ ಹೋಯಿತು ಅನ್ನುವುದು ಅಲ್ಲೇ ಇರುವ ಬ್ಯಾಕಪ್‌ಮೀಡಿಯಾಫ್ಯಾಮಿಲಿ ಟೇಬಲ್‌ನಲ್ಲಿ ಸಿಗುತ್ತದೆ. ಲಾಗ್ ತೆಗೆಯುವ ಕೆಲಸ ಟೂಲ್ ಅಥವಾ ನಿಮ್ಮ ಜಾಬ್, ಒಂದಕ್ಕೇ ಕೊಡಿ. ಇದರಲ್ಲಿ ರಾಜಿ ಬೇಡ.

ಪ್ರಶ್ನೆ: ಟೂಲ್‌ನಲ್ಲೂ ಲಾಗ್ ಆನ್ ಇತ್ತು ಸರ್, ಆಫ್ ಮಾಡಿದೆ. ಈಗ ವಿಎಂ ವಾಪಸ್ ತಂದು ಅದರ ಮೇಲೆ ನಮ್ಮ ಲಾಗ್ ಹಾಕಬಹುದಲ್ವಾ?

ಉತ್ತರ: ಸುಮ್ನೆ ವಿಎಂ ತಂದು ಆನ್ ಮಾಡಿದರೆ ಆಗುವುದಿಲ್ಲ. ಡೇಟಾಬೇಸ್ ರಿಕವರಿ ಮುಗಿಸಿ ಆನ್‌ಲೈನ್ ಬಂದುಬಿಡುತ್ತದೆ, ಆಮೇಲೆ ಒಂದು ಲಾಗ್ ಕೂಡ ಹತ್ತುವುದಿಲ್ಲ. ಡೇಟಾಬೇಸ್ ‘ರೀಸ್ಟೋರಿಂಗ್’ ಸ್ಥಿತಿಯಲ್ಲೇ ಇರಬೇಕು, ಅಂದರೆ ನೋರಿಕವರಿ ಆಯ್ಕೆ ಕೊಟ್ಟು ರೀಸ್ಟೋರ್ ಮಾಡಿರಬೇಕು. ಸ್ನ್ಯಾಪ್‌ಶಾಟ್ ವಿಎಸ್‌ಎಸ್ (ವಿಂಡೋಸ್‌ನ ಸ್ನ್ಯಾಪ್‌ಶಾಟ್ ಸೇವೆ) ಮೂಲಕ ಆಗಿದ್ದು, ನಿಮ್ಮ ಟೂಲ್‌ಗೆ ಹಾಗೆ ಬಿಡಲು ಬಂದರೆ ಸರಿ. ಬರದಿದ್ದರೆ ವಾರಕ್ಕೊಂದು ಮಾಮೂಲಿ ಫುಲ್ ಬ್ಯಾಕಪ್ ಬೇರೆ ಇಟ್ಟುಕೊಳ್ಳಿ, ಲಾಗ್‌ಗಳನ್ನು ಅದರ ಮೇಲೆ ಹಾಕಿ. ಎಸ್‌ಕ್ಯೂಎಲ್ ಸರ್ವರ್ 2022ಕ್ಕೆ ಹೋದರೆ ಟಿ-ಎಸ್‌ಕ್ಯೂಎಲ್‌ನಿಂದಲೇ (ಸರ್ವರ್‌ನ ಕಮಾಂಡ್ ಭಾಷೆ) ಡೇಟಾಬೇಸ್ ಬರಹ ನಿಲ್ಲಿಸಿ ಸ್ನ್ಯಾಪ್‌ಶಾಟ್ ತೆಗೆಯಬಹುದು, ಅದರ ಮೇಲೆ ಲಾಗ್ ಹತ್ತುತ್ತದೆ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲಾ ಯಾಕೆ, ಸಿಂಪಲ್ ಮಾಡೆಲ್‌ಗೆ ಹಾಕಿದರೆ ಲಾಗ್ ತಲೆನೋವೇ ಇರಲ್ಲ ಅಲ್ವಾ?

ಉತ್ತರ: ಸಿಂಪಲ್‌ನಲ್ಲಿ ಲಾಗ್ ಬ್ಯಾಕಪ್ಪೇ ಇರುವುದಿಲ್ಲ, ಸಂಜೆ 5ಕ್ಕೆ ಡಿಸ್ಕ್ ಹೋದರೆ ಆ ದಿನದ ಬಿಲ್, ಔಷಧಿ ಲೆಕ್ಕ ಎಲ್ಲಾ ಹೋಯಿತು. ಆಸ್ಪತ್ರೆಗೆ ಅದು ಖಂಡಿತ ಬೇಡ. ಯಾರಾದರೂ ಆಗಲೇ ಸಿಂಪಲ್‌ಗೆ ಹಾಕಿ ವಾಪಸ್ ಫುಲ್‌ಗೆ ತಂದಿದ್ದರೆ, ಚೈನ್ ನಿಜವಾಗಿ ಮುರಿದಿರುವುದು ಅಲ್ಲಿ. ತಕ್ಷಣ ಒಂದು ಫುಲ್ ಅಥವಾ ಡಿಫರೆನ್ಷಿಯಲ್ (ಹಿಂದಿನ ಫುಲ್ ಆದಮೇಲೆ ಬದಲಾದದ್ದು ಮಾತ್ರ) ಬ್ಯಾಕಪ್ ತೆಗೆಯಿರಿ, ಅಲ್ಲಿಯವರೆಗೆ ಲಾಗ್ ಬ್ಯಾಕಪ್ ನಡೆಯುವುದೇ ಇಲ್ಲ.