ಅಪ್‌ಡೇಟ್: ಲೆಪರ್ಡ್ ಗೆಕೋ ಗೂಡಿಗೆ ಕೊನೆಗೂ ಮಣ್ಣಿನ ಹಾಸು

ನಮ್ಮ ಹೆಣ್ಣು ಲೆಪರ್ಡ್ ಗೆಕೋ ಎಂಬ ಸಾಕು ಹಲ್ಲಿಯ ಗಾಜಿನ ಗೂಡಿಗೆ ಟಿಶ್ಯೂ ಕಾಗದದ ಬದಲು ಬರೀ ಮರಳು ಹಾಸಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ಬೇಡವೆಂದು ತಿಳಿಹೇಳಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಈ ಹಲ್ಲಿಯ ತವರಾದ ಅಫ್ಘಾನಿಸ್ತಾನ, ಪಾಕಿಸ್ತಾನಗಳ ಒಣ ಸೀಮೆಯಲ್ಲಿ ಹೆಚ್ಚಾಗಿ ಇರುವುದು ಸಡಿಲ ಮರಳಲ್ಲ, ಕಲ್ಲು ಬೆರೆತ ಗಟ್ಟಿ ನೆಲ ಎಂಬುದು ಮನದಟ್ಟಾದ ಮೇಲೆ, ಗೊಬ್ಬರ ಸೇರದ ಮೇಲ್ಮಣ್ಣು 70 ಭಾಗಕ್ಕೆ ತೊಳೆದ ಮರಳು 30 ಭಾಗ ಬೆರೆಸಿ, ನೀರು ಚಿಮುಕಿಸಿ, ಅಂಗೈಯಿಂದ ಒತ್ತಿ, ಸುಮಾರು 8 ಸೆಂಟಿಮೀಟರ್ ದಪ್ಪಕ್ಕೆ ಹಾಸಿ, ಪೂರ್ತಿ ಒಣಗಿದ ನಂತರವೇ ಅವಳನ್ನು ಒಳಗೆ ಬಿಟ್ಟೆ. ಸಾಕು ಹಲ್ಲಿಗಳ ಗೂಡಿಗೆಂದು ಮಾರುವ ಕ್ಯಾಲ್ಸಿಯಂ ಮರಳನ್ನಂತೂ (ಸುಣ್ಣದಂಶದ ಪುಡಿ ಮರಳು) ದೂರವಿಟ್ಟಿದ್ದೇನೆ. ಅದನ್ನು ನೆಕ್ಕಿ ನುಂಗಿದರೆ ಕರುಳು ಕಟ್ಟಿಕೊಳ್ಳುವ ಅಪಾಯವಿದೆ. ಪೊರೆ ಕಳಚುವ ದಿನಗಳಿಗೆಂದು ಒದ್ದೆ ಪಾಚಿ ತುಂಬಿದ ಪುಟ್ಟ ಗುಹೆಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಎರಡನೆಯ ರಾತ್ರಿ ಅವಳು ಚಪ್ಪಟೆ ಕಲ್ಲಿನಡಿಯ ಮಣ್ಣನ್ನು ಮುಂಗಾಲುಗಳಿಂದ ಕೆರೆದು, ದಪ್ಪ ಬಾಲವಷ್ಟೇ ಹೊರಗೆ ಕಾಣುವಂತೆ ನೆಮ್ಮದಿಯಾಗಿ ಮಲಗಿದ್ದಳು.