ಮೈಸೂರಿನಿಂದ ಜಕ್ಕೂರಿಗೆ ಲಾರಿಯಲ್ಲಿ ಮೈಕ್ರೋಲೈಟ್: ಬಿಚ್ಚುವುದು, ಕಟ್ಟುವುದು, ಆಮೇಲೆ ಪೆಟ್ರೋಲ್ ಯಾವುದು?

ರೆಕ್ಕೆಪುಕ್ಕ

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಮೈಕ್ರೋಲೈಟ್ (ಹಗುರವಾದ ಪುಟ್ಟ ವಿಮಾನ) ಒಂದರ ವ್ಯಾಪಾರ ಮುಗಿದಿದೆ. ಎರಡು ಸೀಟು, ಹೈ-ವಿಂಗ್, ಅಲ್ಯುಮಿನಿಯಂ ಟ್ಯೂಬ್ ಮೇಲೆ ಡೇಕ್ರಾನ್ ಬಟ್ಟೆ, ರೋಟಾಕ್ಸ್ 912 ಯುಎಲ್ ಎಂಜಿನ್ (80 ಎಚ್‌ಪಿ). ಹಾರಾಟದ ಪರ್ಮಿಟ್ ಅವಧಿ ಮುಗಿದಿದೆ, ಎಂಜಿನ್ 14 ತಿಂಗಳಿಂದ ಓಡಿಲ್ಲ. ಹಾಗಾಗಿ ಹಾರಿಸಿಕೊಂಡು ತರುವ ಮಾತೇ ಇಲ್ಲ, ಮೈಸೂರಿನಿಂದ ಬೆಂಗಳೂರಿನ ಜಕ್ಕೂರು ಏರೋಡ್ರೋಮಿಗೆ ರಸ್ತೆಯಲ್ಲೇ ಬರಬೇಕು. ಟ್ರಾನ್ಸ್‌ಪೋರ್ಟಿನವರು 22 ಅಡಿಯ ತೆರೆದ ಲಾರಿ ಕೊಡುತ್ತೇವೆ, ಟಾರ್ಪಾಲು ಹೊದಿಸಿ ಹಗ್ಗ ಬಿಗಿದರೆ ಆಯ್ತು ಎನ್ನುತ್ತಿದ್ದಾರೆ.

ಕೇಳಬೇಕಾದದ್ದು ಮೂರು. ರೆಕ್ಕೆಗಳನ್ನು ಮಲಗಿಸಬೇಕೋ ನಿಲ್ಲಿಸಬೇಕೋ? ಪ್ರೊಪೆಲ್ಲರ್ ಹಾಗೇ ಬಿಡಬಹುದೇ? ಜಕ್ಕೂರಿಗೆ ಬಂದ ಮೇಲೆ ಬಂಕಿನ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಬಹುದೇ?

ನಟ್ಟುಬೋಲ್ಟು

ಟಾರ್ಪಾಲು ಬೇಡವೇ ಬೇಡ. 80 ಕಿ.ಮೀ. ವೇಗದಲ್ಲಿ ಅದು ಪಟಪಟ ಬಡಿದುಕೊಳ್ಳುತ್ತದೆ. ಅದರಡಿ ಸೇರಿದ ಧೂಳು ಡೇಕ್ರಾನ್ ಮೇಲೂ ವಿಂಡ್‌ಸ್ಕ್ರೀನ್ ಮೇಲೂ ಉಪ್ಪುಕಾಗದದಂತೆ ಉಜ್ಜುತ್ತದೆ, ಹೊಲಿಗೆ ಇರುವ ಕಡೆ ದಾರವೇ ಸವೆದುಹೋಗುತ್ತದೆ. ಮುಚ್ಚಿದ ಕಂಟೇನರ್ ಬಾಡಿ ಲಾರಿ ಕೇಳಿ. ಮೊದಲು ನೀವೇ ಟೇಪ್ ಹಿಡಿದು ಮೂರು ಅಳತೆ ತೆಗೆಯಿರಿ: ಬಾಲ ಸೇರಿ ಫ್ಯೂಸಲಾಜ್ (ವಿಮಾನದ ಒಡಲು) ಉದ್ದ, ಚಕ್ರದಿಂದ ಚಕ್ರಕ್ಕೆ ಅಗಲ, ಬಾಲದ ಎತ್ತರ. ಬಾಗಿಲ ಚೌಕಟ್ಟು ಒಳಗಿನ ಅಗಲಕ್ಕಿಂತ ಕಿರಿದಾಗಿರುತ್ತದೆ. ಎಲ್ಲರೂ ಮರೆಯುವುದು ಅದನ್ನೇ.

ರೆಕ್ಕೆ ನಿಲ್ಲಿಸಿಯೇ ಬರಬೇಕು, ಮುಂಚೂಣಿ ಅಂಚು ಕೆಳಗೆ. ಚಪ್ಪಟೆ ಮಲಗಿಸಿದರೆ ಪ್ರತಿ ಹಂಪಿನಲ್ಲೂ ಇಡೀ ರೆಕ್ಕೆ ಮೇಲೆ ಕೆಳಗೆ ಕುಣಿಯುತ್ತದೆ, ಆ ಭಾರ ರೆಕ್ಕೆಯೊಳಗಿನ ಅಡ್ಡಪಟ್ಟಿಗಳ (ರಿಬ್) ಮೇಲೆ ಬೀಳುತ್ತದೆ. ಮರದ ತೊಟ್ಟಿಲು ಎರಡು ಸಾಕು: ಒಂದು ಬುಡದ ಹತ್ತಿರ, ಇನ್ನೊಂದು ಸ್ಟ್ರಟ್ (ರೆಕ್ಕೆಗೆ ಆಧಾರವಾಗುವ ಓರೆ ಕಂಬ) ಕೂರುವ ಜಾಗದ ಹತ್ತಿರ, ಎರಡೂ ಒಳಗಿನ ಟ್ಯೂಬಿಗೆ ಆಧಾರವಾಗುವ ಕಡೆ. ತೊಟ್ಟಿಲಿಗೆ ದಪ್ಪ ಫೋಮ್, ಅದರ ಮೇಲೆ ಹಳೆಯ ಕಾರ್ಪೆಟ್. ಎರಡು ರಿಬ್‌ಗಳ ನಡುವಿನ ಬರಿಯ ಬಟ್ಟೆಗೆ ಏನೂ ತಾಗಬಾರದು. ಏಲೆರಾನ್ (ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಫಲಕ) ಬಿಚ್ಚಿ ಬೇರೆಯಾಗಿ ಸುತ್ತಿ. ಅದಕ್ಕೆ ಕ್ಲಾಂಪ್ ಹಾಕಿ ಹಿಂಬದಿ ಅಂಚು ಹಿಸುಕಬೇಡಿ.

ಈಗ ಯಾರೂ ಹೇಳದ ವಿಷಯ. ಖಾಲಿ ವಿಮಾನದ ತೂಕ ಹೆಚ್ಚೆಂದರೆ ಮುನ್ನೂರು ಕಿಲೋ ಚಿಲ್ಲರೆ. ಟನ್ನುಗಟ್ಟಲೆ ಹೊರುವ ಲಾರಿಯ ಪ್ಲೇಟ್ ಸ್ಪ್ರಿಂಗಿಗೆ ಅದು ಖಾಲಿ ಲಾರಿಯೇ. ಸ್ಪ್ರಿಂಗ್ ಬಾಗುವುದೇ ಇಲ್ಲ, ರಸ್ತೆಯ ಪೆಟ್ಟೆಲ್ಲ ನೇರ ನಿಮ್ಮ ಟ್ಯೂಬುಗಳಿಗೆ. ಹಿಂದಿನ ಆಕ್ಸಲ್ ಮೇಲೆ ಒಂದು ಟನ್ನಿನಷ್ಟು ಮರಳುಮೂಟೆ ಸಾಲಾಗಿ ಜೋಡಿಸಿ, ಜಾರದಂತೆ ಅಡ್ಡಪಟ್ಟಿ ಹೊಡೆಸಿ. ಮೂಟೆಗೆ ಹಾಕುವ ಕಾಸು ದಂಡ ಅನ್ನಿಸಬಹುದು, ಆದರೆ ಬಿರುಕುಬಿಟ್ಟ ಒಂದು ಫಿಟ್ಟಿಂಗಿನ ಮುಂದೆ ಅದೇನೂ ಅಲ್ಲ.

ಫ್ಯೂಸಲಾಜ್ ಕಟ್ಟುವುದು ಮುಖ್ಯ ಚಕ್ರಗಳ ಆಕ್ಸಲ್ ಬುಡದಲ್ಲಿ ಮಾತ್ರ, ನಾಲ್ಕು ದಿಕ್ಕಿಗೆ ಓರೆಯಾಗಿ ರ‍್ಯಾಚೆಟ್ ಬೆಲ್ಟು. ಚಕ್ರದ ಸುತ್ತ ಮರದ ಚೌಕ ಹೊಡೆದು ಕೂರಿಸಿದರೆ ಬೆಲ್ಟಿಗೆ ಅರ್ಧ ಕೆಲಸ ಕಡಿಮೆ. ರ‍್ಯಾಚೆಟ್ ಕೈಗೆ ಸಿಕ್ಕಿದರೆ ಕ್ಲೀನರ್ ಹುಡುಗರು ಕಿರ್ ಕಿರ್ ಎಂದು ಕೊನೆಯವರೆಗೂ ಬಿಗಿಯುತ್ತಾರೆ, ಚಕ್ರ ಹೊತ್ತ ಲ್ಯಾಂಡಿಂಗ್ ಗೇರಿನ ಕಾಲು ಬಾಗುವುದು ಆಗಲೇ. ಟೈರ್ ಕೊಂಚ ಅದುಮಿದರೆ ಸಾಕು. ಸ್ಟ್ರಟ್ ಕೊಂಡಿ, ಎಂಜಿನ್ ಮೌಂಟ್, ಮೂಗಿನ ಚಕ್ರ ಈ ಮೂರಕ್ಕೂ ಬೆಲ್ಟ್ ಹಾಕಬೇಡಿ. ಬಾಲಕ್ಕೆ ಪಕ್ಕಕ್ಕೆ ಓಲಾಡದಷ್ಟು ಎರಡು ಮೆತ್ತನೆಯ ಪಟ್ಟಿ.

ಬಿಚ್ಚುವಾಗ ರಾಡ್-ಎಂಡ್‌ಗಳ (ಕಂಟ್ರೋಲ್ ರಾಡ್ ತುದಿಯ ಕೀಲು) ಲಾಕ್‌ನಟ್ ಮುಟ್ಟಬೇಡಿ. ಅದು ಅರ್ಧ ಸುತ್ತು ತಿರುಗಿದರೂ ರಿಗ್ಗಿಂಗ್ (ಕಂಟ್ರೋಲುಗಳ ಹೊಂದಾಣಿಕೆ) ಬದಲಾಗುತ್ತದೆ. ಬೋಲ್ಟು, ವಾಷರು, ಬುಷ್ಷು ಎಲ್ಲ ಇದ್ದ ಅನುಕ್ರಮದಲ್ಲೇ ತಂತಿಗೆ ಪೋಣಿಸಿ, ಚೀಟಿ ಕಟ್ಟಿ, ಫೋಟೊ ತೆಗೆದಿಡಿ.

ಎಂಟುಸಾವಿರ ಅಡಿ

ಮೇಲಿನವರು ಹೇಳಿದ್ದಕ್ಕೆ ಎಂಜಿನ್ ಕಡೆಯದನ್ನು ಸೇರಿಸುತ್ತೇನೆ.

ಪ್ರೊಪೆಲ್ಲರ್ ಬಿಚ್ಚಿ. ಮುಚ್ಚಿದ ಲಾರಿಯಲ್ಲಿ ಗಾಳಿಗೆ ತಿರುಗುವುದಿಲ್ಲ, ನಿಜ. ಆದರೆ ಹತ್ತಿಸುವಾಗ ಇಳಿಸುವಾಗ ಎಲ್ಲರ ಕೈಗೂ ಮೊದಲು ಸಿಗುವ ಹಿಡಿ ಅದೇ, ಯಾರೋ ಒಬ್ಬರು ಹಿಮ್ಮುಖವಾಗಿ ತಿರುಗಿಸಿಯೇ ತಿರುಗಿಸುತ್ತಾರೆ. 912ರ ಆಯಿಲ್ ಟ್ಯಾಂಕ್ ಎಂಜಿನ್‌ನಿಂದ ಹೊರಗಿದೆ, ಟ್ಯಾಪೆಟ್‌ಗಳು (ವಾಲ್ವ್ ಎತ್ತುವ ಭಾಗ) ಹೈಡ್ರಾಲಿಕ್, ಅಂದರೆ ಆಯಿಲ್ ತುಂಬಿಕೊಂಡೇ ಕೆಲಸ ಮಾಡುವಂಥವು. ಉಲ್ಟಾ ತಿರುಗಿದರೆ ಆಯಿಲ್ ದಾರಿಗೆ ಗಾಳಿ ಸೇರುತ್ತದೆ. ಬಿಚ್ಚುವ ಮೊದಲು ಹಬ್ ಮೇಲೂ ಫ್ಲ್ಯಾಂಜ್ ಮೇಲೂ ಗುರುತು ಹಾಕಿ, ಅದೇ ಜಾಗಕ್ಕೆ ಮತ್ತೆ ಕೂರಬೇಕು.

ಎರಡು ಬಿಂಗ್ ಕಾರ್ಬುರೇಟರುಗಳೂ ರಬ್ಬರ್ ಸಾಕೆಟ್ ಮೇಲೆ ನೇತಾಡುತ್ತಿರುತ್ತವೆ. ಲಾರಿಯ ಕುಲುಕಾಟಕ್ಕೆ ಆ ರಬ್ಬರು ಬುಡದಲ್ಲಿ ಸೀಳುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಎರಡಕ್ಕೂ ಕೆಳಗಿನಿಂದ ಫೋಮ್ ಕೊಟ್ಟು ಪಟ್ಟಿಯಿಂದ ಆತುಕೊಳ್ಳುವಂತೆ ಮಾಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಾರ್ಬುರೇಟರ್ ಬಟ್ಟಲನ್ನೂ ಖಾಲಿ ಮಾಡಿ. ಬ್ಯಾಟರಿ ಬಿಚ್ಚಿ ಬೇರೆ ಇಡಿ. ಸೈಲೆನ್ಸರ್ ಬಾಯಿ, ಏರ್ ಫಿಲ್ಟರ್, ಪಿಟೋ (ವೇಗ ಅಳೆಯುವ ಗಾಳಿ ಕೊಳವೆ) ಮೂರಕ್ಕೂ ಮುಚ್ಚಳ, ಮುಚ್ಚಳಕ್ಕೆ ಕೆಂಪು ಪಟ್ಟಿ.

ಕಾಗದಪತ್ರ: ರಿಜಿಸ್ಟ್ರೇಷನ್ ಪ್ರತಿ, ಮಾರಾಟ ಪತ್ರ, ಡೆಲಿವರಿ ಚಲನ್ ಡ್ರೈವರ್ ಕೈಲಿರಲಿ. 50,000 ರೂ. ಮೀರಿದ ಸರಕಿಗೆ ಇ-ವೇ ಬಿಲ್ ಪ್ರಶ್ನೆ ಬರುತ್ತದೆ, ಅದನ್ನು ಟ್ರಾನ್ಸ್‌ಪೋರ್ಟಿನವರ ಜೊತೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ವಿಮಾನದ ವಿಮೆ ಬಿಚ್ಚಿ ಸಾಗಿಸುವಾಗಿನ ಹಾನಿಯನ್ನು ಕಟ್ಟಿಕೊಡುತ್ತದೆ ಎಂದುಕೊಳ್ಳಬೇಡಿ, ಟ್ರಾನ್ಸಿಟ್ ವಿಮೆ ಬೇರೆ ಕೇಳಿ.

ಹಸಿರು ಡಬ್ಬ

ಪೆಟ್ರೋಲ್ ಪ್ರಶ್ನೆಗೆ ನೇರ ಉತ್ತರ: ಬಂಕಿನ ಮಾಮೂಲಿ ಪೆಟ್ರೋಲ್ ಬೇಡ. ಆಕ್ಟೇನ್ ತೊಂದರೆಯಲ್ಲ. 80 ಎಚ್‌ಪಿಯ ಯುಎಲ್‌ಗೆ ಆರ್‌ಒಎನ್ (ಆಕ್ಟೇನ್ ಅಳತೆ) 90 ಸಾಕು (100 ಎಚ್‌ಪಿಯ ಯುಎಲ್‌ಎಸ್‌ಗೆ 95 ಬೇಕು). ತೊಂದರೆ ಎಥನಾಲ್‌ದು. ರೋಟಾಕ್ಸ್ ಒಪ್ಪಿರುವುದು ಇ10ರವರೆಗೆ (ಶೇ. 10 ಎಥನಾಲ್), ನಮ್ಮ ಬಂಕುಗಳಲ್ಲಿ ಈಗ ಇರುವುದು ಇ20 (ಶೇ. 20). ಎಂಜಿನ್ ಹೇಗೋ ತಡೆದುಕೊಂಡೀತು ಎಂದರೂ ಫೈಬರ್ ಟ್ಯಾಂಕಿನ ರೆಸಿನ್, ಸೀಲೆಂಟ್, ಹಳೆಯ ರಬ್ಬರ್ ಪೈಪು ತಡೆಯುವುದಿಲ್ಲ. ಜೊತೆಗೆ ಎಥನಾಲ್ ನೀರು ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ, ಪಿಕಪ್ ಪೈಪಿಗೆ ಮೊದಲು ಹೋಗುವುದು ಅದೇ.

ಎಥನಾಲ್ ಇಲ್ಲ ಎಂದು ಯಾರಾದರೂ ಹೇಳಿ ಮಾರಿದರೆ ನಂಬದೆ ಅಳೆಯಿರಿ. 100 ಮಿ.ಲೀ. ಅಳತೆಯ ಗಾಜಿನ ಸಿಲಿಂಡರಿಗೆ 10 ಮಿ.ಲೀ. ನೀರು, ಮೇಲೆ 100ರ ಗೆರೆವರೆಗೆ ಪೆಟ್ರೋಲ್. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡಿ. ತಳದ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 19ರ ಆಸುಪಾಸಿಗೆ ಏರಿದರೆ ಇ10, 27-28ರ ಹತ್ತಿರ ಬಂದರೆ ಇ20.

ವಿಮಾನದ ಪೆಟ್ರೋಲ್ ಏವ್‌ಗ್ಯಾಸ್ 100ಎಲ್‌ಎಲ್ ಸಿಗುವುದಾದರೆ ಅದು ಸುರಕ್ಷಿತ ದಾರಿ. 2022ರಿಂದ ಇಂಡಿಯನ್ ಆಯಿಲ್ ಇಲ್ಲೇ ತಯಾರಿಸುತ್ತಿದೆ. ಆದರೆ ಅದರಲ್ಲಿ ಸೀಸ ಇದೆ, ಆ ಕೆಸರು ಆಯಿಲ್ ಟ್ಯಾಂಕ್ ತಳದಲ್ಲೂ ಗೇರ್‌ಬಾಕ್ಸಿನಲ್ಲೂ ಕೂರುತ್ತದೆ. ಹೆಚ್ಚಾಗಿ ಅದನ್ನೇ ಓಡಿಸುವುದಾದರೆ ಆಯಿಲ್ ಬದಲಾವಣೆ 100 ಗಂಟೆಗಲ್ಲ, 50 ಗಂಟೆಗೆ.

ರೆಕ್ಕೆಪುಕ್ಕ

ಎಲ್ಲರಿಗೂ ಧನ್ಯವಾದ. ಕಂಟೇನರ್ ಲಾರಿ ಗೊತ್ತುಮಾಡುತ್ತಿದ್ದೇನೆ, ಮರಳುಮೂಟೆಗೂ ಹೇಳಿದ್ದೇನೆ. ಜೋಡಿಸಿದ ಮೇಲೆ ಮೊದಲ ಸ್ಟಾರ್ಟಿಗೆ ಮುನ್ನ ಏನೇನು ನೋಡಬೇಕು? ಪೈಪುಗಳ ಮೇಲೆ ತಾರೀಖು ಕಾಣುತ್ತಿಲ್ಲ.

ಎಂಟುಸಾವಿರ ಅಡಿ

ತಾರೀಖಿಲ್ಲ ಎಂದರೆ ಬದಲಿಸಿ. ಇಂಧನ, ಆಯಿಲ್, ಕೂಲೆಂಟ್ ರಬ್ಬರ್ ಪೈಪುಗಳಿಗೆ ರೋಟಾಕ್ಸ್ ಕೊಡುವ ಆಯಸ್ಸು 5 ವರ್ಷ. ಕಾರ್ಬುರೇಟರ್ ಸಾಕೆಟ್, ಡಯಾಫ್ರಮ್ ಕೂಡ ಅದೇ ಸಾಲಿನಲ್ಲಿ ಬರುತ್ತವೆ.

ಬಟ್ಟಲು ಬಿಚ್ಚಿದಾಗ ಫ್ಲೋಟ್‌ಗಳನ್ನು ತೂಗಿ. ಒಂದು ಕಾರ್ಬುರೇಟರಿನ ಎರಡು ಫ್ಲೋಟ್ ಸೇರಿ 7 ಗ್ರಾಂ ದಾಟಬಾರದು. ದಾಟಿದರೆ ಪೆಟ್ರೋಲ್ ಕುಡಿದು ಮುಳುಗುತ್ತಿವೆ ಎಂದರ್ಥ: ಬಟ್ಟಲು ಉಕ್ಕುತ್ತದೆ, ಎಂಜಿನ್ ಒರಟಾಗಿ ಓಡುತ್ತದೆ. ಚಿನ್ನದಂಗಡಿಯ ಸಣ್ಣ ತಕ್ಕಡಿ ಇದಕ್ಕೆ ಸಾಕು.

ಟ್ಯಾಂಕಿನ ವೆಂಟ್ ಪೈಪ್ ಮತ್ತು ಪಿಟೋ ಒಳಗೆ ಕುಂಬಾರ ಹುಳ ಮಣ್ಣು ಮೆತ್ತಿರುತ್ತದೆ. 14 ತಿಂಗಳು ಶೆಡ್‌ನಲ್ಲಿ ನಿಂತದ್ದರಲ್ಲಿ ಅದಿಲ್ಲದಿದ್ದರೆ ಆಶ್ಚರ್ಯ. ವೆಂಟ್ ಕಟ್ಟಿದ್ದರೆ ನೆಲದ ಮೇಲೆ ಎಲ್ಲ ಸರಿಯಾಗೇ ಓಡುತ್ತದೆ, ಸ್ವಲ್ಪ ಹೊತ್ತಿನ ನಂತರ ಇಂಧನ ನಿಲ್ಲುತ್ತದೆ.

ಹೊಸ ಆಯಿಲ್ ಹಾಕಿ, ಮ್ಯಾಗ್ನೆಟಿಕ್ ಪ್ಲಗ್ ಬಿಚ್ಚಿ ನೋಡಿ. ಹೊಳೆಯುವ ಚೂರು ಇದ್ದರೆ ಅಲ್ಲಿಗೇ ನಿಲ್ಲಿಸಿ. ಪೈಪು ಬಿಚ್ಚಿದ್ದರಿಂದ ಆಯಿಲ್ ದಾರಿಯ ಗಾಳಿ ತೆಗೆಯಲೇಬೇಕು: ಇಗ್ನಿಷನ್ ಎರಡೂ ಆಫ್, ಮೇಲಿನ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಮ್ಯಾನುಯಲ್‌ನಲ್ಲಿರುವ ಕ್ರಮದಂತೆ ಪ್ರೊಪೆಲ್ಲರನ್ನು ಸರಿ ದಿಕ್ಕಿಗೆ (ಪೈಲಟ್ ಸೀಟಿನಿಂದ ನೋಡಿದರೆ ಪ್ರದಕ್ಷಿಣೆ) ಗೇಜ್ ಒತ್ತಡ ತೋರಿಸುವವರೆಗೆ ತಿರುಗಿಸಿ. ಸ್ಟಾರ್ಟ್ ಆದ 10 ಸೆಕೆಂಡಿನೊಳಗೆ ಒತ್ತಡ ಏರದಿದ್ದರೆ ಆಫ್ ಮಾಡಿ. 3,500 ಆರ್‌ಪಿಎಂ ಮೇಲೆ 2ರಿಂದ 5 ಬಾರ್ ಇರಬೇಕು. ಐಡಲ್ 1,400ಕ್ಕಿಂತ ಕೆಳಗೆ ಬಿಡಬೇಡಿ, ಗೇರ್‌ಬಾಕ್ಸ್ ಬಡಿಯುತ್ತದೆ. ಆಯಿಲ್ 50 ಡಿಗ್ರಿ ದಾಟಿದ ಮೇಲೆ 4,000ದಲ್ಲಿ ಇಗ್ನಿಷನ್ ಒಂದೊಂದಾಗಿ ಆಫ್ ಮಾಡಿ ನೋಡಿ: ಇಳಿಕೆ 300 ಆರ್‌ಪಿಎಂ ಮೀರಬಾರದು, ಎರಡರ ನಡುವಿನ ವ್ಯತ್ಯಾಸ 115 ಮೀರಬಾರದು.

ನಟ್ಟುಬೋಲ್ಟು

ಜೋಡಣೆಗೆ ಎರಡು ಮಾತು. ನೈಲಾಕ್ ನಟ್ ಹಳೆಯದನ್ನೇ ಹಾಕಬೇಡಿ, ಸ್ಪ್ಲಿಟ್ ಪಿನ್ ಕೂಡ ಹೊಸದೇ ಇರಲಿ. ವಿಂಡ್‌ಸ್ಕ್ರೀನ್ ಪಾಲಿಕಾರ್ಬೊನೇಟ್ ಆಗಿದ್ದರೆ ಅದರ ಹತ್ತಿರದ ಸ್ಕ್ರೂಗಳಿಗೆ ಲಾಕ್‌ಟೈಟ್ (ಸಡಿಲವಾಗದಂತೆ ಹಚ್ಚುವ ಅಂಟು) ಸೋಂಕಿಸಬೇಡಿ, ಪೆಟ್ರೋಲ್ ಬಟ್ಟೆಯಿಂದ ಒರೆಸಬೇಡಿ. ಎರಡರಿಂದಲೂ ಕೂದಲೆಳೆ ಬಿರುಕು ಬರುತ್ತದೆ.

ಕಂಟ್ರೋಲ್ ಕಡ್ಡಿ ಬಲಕ್ಕೆ ಒತ್ತಿದರೆ ಬಲಗಡೆಯ ಏಲೆರಾನ್ ಮೇಲೇಳಬೇಕು, ಹಿಂದಕ್ಕೆ ಎಳೆದರೆ ಬಾಲದ ಎಲಿವೇಟರ್ ಫಲಕ ಮೇಲೇಳಬೇಕು. ಇದನ್ನು ಜೋಡಿಸಿದವರೇ ನೋಡಿ ಸಹಿ ಹಾಕುವುದಲ್ಲ, ಎರಡನೆಯವರು ಬೇರೆಯಾಗಿ ನೋಡಬೇಕು. ಡೇಕ್ರಾನ್‌ಗೆ ಬೆಟ್ಸೋಮೀಟರ್ (ಬಟ್ಟೆಯ ಬಲ ನೋಡುವ ಸಾಧನ) ಪರೀಕ್ಷೆಯನ್ನು ಬಿಸಿಲು ಹೆಚ್ಚು ಬಿದ್ದ ಮೇಲ್ಮೈಯಲ್ಲೇ ಮಾಡಿಸಿ, ರೆಕ್ಕೆಯ ಅಡಿಭಾಗದಲ್ಲಿ ಅಲ್ಲ. ಇದು ಮೈಸೂರಿನಲ್ಲೇ, ರೆಕ್ಕೆ ಬಿಚ್ಚುವ ಮೊದಲೇ ಆದರೆ ಒಳ್ಳೆಯದು. ಬಟ್ಟೆ ಫೇಲ್ ಆದರೆ ಬೆಲೆಯ ಮಾತನ್ನು ಮಾರಿದವರ ಜೊತೆ ಅಲ್ಲೇ ಎತ್ತಬಹುದು.