ಸೈಕಲ್ಲಿನ ಹಿಂದಿನ ಚಕ್ರದ ಹಬ್: ಲಿವರ್ ಮುಚ್ಚಿದೊಡನೆ ಬಿಗಿಯಾಗುವುದೇಕೆ?

ಪ್ರಶ್ನೆ

ನಮಸ್ಕಾರ. ಸೈಕಲ್ಲಿನ ಹಿಂದಿನ ಚಕ್ರದ ಹಬ್ (ಚಕ್ರದ ನಡುಭಾಗ) ಅನ್ನು ಮೊದಲ ಬಾರಿಗೆ ನಾನೇ ಬಿಚ್ಚಿ, ಹಳೆಯ ಗ್ರೀಸನ್ನು ಒರೆಸಿ ತೆಗೆದು, ಹೊಸದನ್ನು ತುಂಬಿ ಜೋಡಿಸಿದ್ದೇನೆ. ಇದು ಕಪ್ ಮತ್ತು ಕೋನ್ ಇರುವ ಹಬ್, ಅಂದರೆ ಹಬ್ಬಿನೊಳಗಿನ ಬಟ್ಟಲಿನಂತಹ ಕಪ್ಪಿಗೂ ಆಕ್ಸಲ್ (ಅಚ್ಚು) ಮೇಲೆ ಕೂರುವ ಕೋನಿಗೂ ನಡುವೆ ಬೇರಿಂಗ್ ಗುಂಡುಗಳು ಓಡುತ್ತವೆ; ಆಕ್ಸಲ್ ಟೊಳ್ಳಾಗಿದ್ದು ಅದರೊಳಗೆ ಕ್ವಿಕ್ ರಿಲೀಸ್ ಸರಳು (ಲಿವರ್ ಮುಚ್ಚಿದರೆ ಚಕ್ರವನ್ನು ಫ್ರೇಮಿಗೆ ಬಿಗಿಹಿಡಿಯುವ ಸರಳು) ಹಾದುಹೋಗುತ್ತದೆ. ಚಕ್ರವನ್ನು ಕೈಯಲ್ಲಿ ಹಿಡಿದು ಆಕ್ಸಲ್ ತಿರುಗಿಸಿದರೆ ಸರಾಗವಾಗಿ ತಿರುಗುತ್ತದೆ, ಅಲುಗಾಟವೂ ಇಲ್ಲ. ಆದರೆ ಅದೇ ಚಕ್ರವನ್ನು ಫ್ರೇಮಿಗೆ ಕೂರಿಸಿ ಲಿವರ್ ಮುಚ್ಚಿದೊಡನೆ ಬಿಗಿಯಾಗುತ್ತದೆ. ಹಿಂಬದಿಯನ್ನು ಎತ್ತಿ ಚಕ್ರ ತಿರುಗಿಸುತ್ತ ಸೀಟಿನ ಮೇಲೆ ಬೆರಳಿಟ್ಟರೆ ಗರಗರ ಎನ್ನುವ ಕಂಪನ ತಿಳಿಯುತ್ತದೆ. ಕೋನನ್ನು ತುಸು ಸಡಿಲಿಸಿ, ಅದು ಜರುಗದಂತೆ ಹಿಡಿಯುವ ಲಾಕ್ ನಟ್ ಬಿಗಿದರೂ ಮತ್ತೆ ಅದೇ ಸ್ಥಿತಿ. ನಾಲ್ಕು ಸಲ ಮಾಡಿ ನೋಡಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1

ನಿಮ್ಮ ಕೈಕೆಲಸದಲ್ಲಿ ದೋಷವಿಲ್ಲ; ಅಲುಗಾಟವನ್ನು ಪೂರ್ತಿ ತೆಗೆದುಬಿಟ್ಟಿರುವುದೇ ಇಲ್ಲಿನ ತೊಡಕು. ಲಿವರ್ ಮುಚ್ಚಿದಾಗ ಅದರ ಒತ್ತಡಕ್ಕೆ ಟೊಳ್ಳು ಆಕ್ಸಲ್ ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ, ಎರಡೂ ಕೋನ್‌ಗಳು ಒಳಕ್ಕೆ ಸರಿದು ಗುಂಡುಗಳನ್ನು ಒತ್ತುತ್ತವೆ. ಆದ್ದರಿಂದ ಚಕ್ರ ಕೈಯಲ್ಲಿರುವಾಗ ಕೂದಲೆಳೆಯಷ್ಟು ಅಲುಗಾಟವನ್ನು ಬೇಕೆಂದೇ ಉಳಿಸಬೇಕು. ಲಿವರ್ ಮುಚ್ಚಿದಾಗ ಅದು ತಾನಾಗಿಯೇ ಮಾಯವಾಗಬೇಕು.

ಇನ್ನೊಂದು ಕಾರಣ ಲಾಕ್ ನಟ್. ಅದನ್ನು ಬಿಗಿಯುವಾಗ ಥ್ರೆಡ್ಡಿನ ಸಂದಿಯಲ್ಲಿರುವ ಸಡಿಲ ಮುಗಿದು ಕೋನ್ ಇನ್ನಷ್ಟು ಒಳಕ್ಕೆ ಹೋಗುತ್ತದೆ, ಅಂದರೆ ನೀವು ಸಡಿಲಿಸಿದ್ದನ್ನು ನಟ್ ಮರಳಿ ಕಿತ್ತುಕೊಳ್ಳುತ್ತದೆ. ಇಂತಹ ಹಬ್‌ಗಳ ಹಿಂದಿನ ಆಕ್ಸಲ್ ಸಾಮಾನ್ಯವಾಗಿ 10 ಮಿ.ಮೀ. ದಪ್ಪವಿದ್ದು, ಥ್ರೆಡ್ ಒಂದು ಸುತ್ತಿಗೆ 1 ಮಿ.ಮೀ. ಸಾಗುತ್ತದೆ, ಕಾಲು ಸುತ್ತೆಂದರೆ 0.25 ಮಿ.ಮೀ., ಗುಂಡುಗಳ ಲೆಕ್ಕದಲ್ಲಿ ಅದು ಬಹಳ ಹೆಚ್ಚು. ಬಲಬದಿಯ ಕೋನ್ ಮತ್ತು ನಟ್‌ಗಳನ್ನು ಮೊದಲೇ ಗಟ್ಟಿಯಾಗಿ ಬಿಗಿದುಬಿಡಿ, ಆಮೇಲೆ ಆ ಕಡೆ ಕೈ ಹಾಕಬೇಡಿ. ಹೊಂದಾಣಿಕೆಯೆಲ್ಲ ಎಡಬದಿಯಲ್ಲೇ ನಡೆಯಲಿ: ತೆಳು ಸ್ಪ್ಯಾನರಿನಿಂದ ಕೋನನ್ನು ಅಲುಗದಂತೆ ಹಿಡಿದು ಇನ್ನೊಂದರಿಂದ ನಟ್ ಬಿಗಿಯಿರಿ. ದಪ್ಪ ಸ್ಪ್ಯಾನರ್ ಕೋನಿನ ಕಿರಿದಾದ ಅಂಚಿಗೆ ಕೂರುವುದಿಲ್ಲ, ಜಾರಿ ಅಂಚನ್ನೇ ಸವೆಸುತ್ತದೆ.

ಪರೀಕ್ಷೆ ಯಾವಾಗಲೂ ಲಿವರ್ ಮುಚ್ಚಿದ ಮೇಲೆ ಆಗಬೇಕು. ರಿಮ್ಮನ್ನು ಬ್ರೇಕಿನ ಬಳಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದರೆ ಟಕ್ ಎನ್ನಬಾರದು; ಹಗುರವಾಗಿ ತಿರುಗಿಸಿ ಬಿಟ್ಟರೆ ಚಕ್ರ ನಿಲ್ಲುವ ಮುನ್ನ ಭಾರವಾದ ಭಾಗ ಕೆಳಗೆ ಬಂದು, ಹಿಂದೆ ಮುಂದೆ ತೂಗಿ ನಿಲ್ಲಬೇಕು.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಗರಗರ ಎನ್ನುವ ಕಂಪನ ಬರೀ ಬಿಗಿಯಿಂದಲೇ ಬರುತ್ತಿದೆ ಎಂದು ನಿರ್ಧರಿಸುವ ಮೊದಲು ಕೋನ್‌ಗಳನ್ನು ತೆಗೆದು, ಗುಂಡುಗಳು ಓಡುವ ಪಟ್ಟಿಯ ಮೇಲೆ ಬಾಲ್ ಪೆನ್ನಿನ ತುದಿಯನ್ನು ನಿಧಾನವಾಗಿ ಎಳೆದು ನೋಡಿ. ಕಣ್ಣು ತಪ್ಪಿಸಿಕೊಂಡ ಸಣ್ಣ ಗುಳಿಯೂ ಪೆನ್ನಿನ ತುದಿಗೆ ಸಿಗುತ್ತದೆ. ಸವಾರಿಯಲ್ಲಿ ಕಪ್ ಚಕ್ರದೊಡನೆ ತಿರುಗುತ್ತದೆ, ಕೋನ್ ತಿರುಗುವುದಿಲ್ಲ. ಹಾಗಾಗಿ ಭಾರವೆಲ್ಲ ಕೋನಿನ ಒಂದೇ ಪಾರ್ಶ್ವದ ಮೇಲೆ ಬೀಳುತ್ತಿದ್ದು, ಗುಳಿ ಮೊದಲು ಅಲ್ಲಿಯೇ ಏಳುತ್ತದೆ. ಗುಳಿ ಬಿದ್ದ ಕೋನನ್ನು ಎಷ್ಟೇ ಹೊಂದಿಸಿದರೂ ಫಲವಿಲ್ಲ, ಬದಲಿಸಲೇಬೇಕು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಏಕೆಂದರೆ ಥ್ರೆಡ್ ಒಂದೇ ಆಗಿದ್ದರೂ ಬಾಗುವಿಕೆ ಬೇರೆಯಾಗಿರಬಹುದು.

ಗುಂಡುಗಳನ್ನೂ ಎಣಿಸಿ. ಹಿಂದಿನ ಹಬ್‌ನಲ್ಲಿ ಸಾಮಾನ್ಯವಾಗಿ ಒಂದೊಂದು ಬದಿಗೆ ಕಾಲು ಇಂಚಿನ 9 ಗುಂಡುಗಳಿರುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಎಡಗಡೆಯ ಕೋನಿನಲ್ಲಿ ಪೆನ್ನು ಎರಡು ಕಡೆ ತಡೆಯಿತು; ಬೆಳಕಿಗೆ ಹಿಡಿದಾಗ ಸಾಸಿವೆಗಿಂತಲೂ ಚಿಕ್ಕ ಗುಳಿಗಳು ಕಂಡವು. ಗುಂಡುಗಳು ಬಲಗಡೆ 9 ಇದ್ದವು, ಎಡಗಡೆ 8 ಮಾತ್ರ. ಬಿಚ್ಚುವಾಗ ಒಂದು ಉರುಳಿಹೋಗಿರಬೇಕು. ಕಪ್ ಎರಡೂ ನುಣುಪಾಗಿವೆ. ಕೋನ್ ಮತ್ತು ಗುಂಡುಗಳನ್ನು ತರುತ್ತೇನೆ. ಇನ್ನೊಂದು ಸಂಶಯ: ಗೇರಿನ ಹಲ್ಲುಚಕ್ರಗಳನ್ನು ಹಿಡಿದು ಅಲ್ಲಾಡಿಸಿದರೆ ತುಸು ಅಲುಗುತ್ತವೆ. ಇದೂ ಕೋನಿನದೇ ದೋಷವೇ?

ಉತ್ತರ 1

ಅಲ್ಲ. ರಿಮ್ ಅಲುಗದೆ ಹಲ್ಲುಚಕ್ರಗಳು ಮಾತ್ರ ಅಲುಗಿದರೆ ಆ ಸಡಿಲ ಫ್ರೀವೀಲಿನ ಅಥವಾ ಫ್ರೀಹಬ್ಬಿನ (ಪೆಡಲ್ ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ, ಹಲ್ಲುಚಕ್ರಗಳನ್ನು ಹೊತ್ತ ಭಾಗದ) ಒಳಗಿನ ಬೇರಿಂಗಿನದು. ತುಸು ಅಲುಗುವುದು ಸಹಜ, ಅದನ್ನು ಸರಿಪಡಿಸಲು ಹೋಗಿ ಕೋನ್ ಬಿಗಿಯಬೇಡಿ. ಗುಂಡುಗಳಲ್ಲಿ ಮಾತ್ರ ಕಳೆದುಹೋದ ಒಂದನ್ನಷ್ಟೇ ತುಂಬದೆ ಎರಡೂ ಬದಿಯ 18ನ್ನೂ ಹೊಸದಾಗಿ ಹಾಕಿ. ಸವೆದವುಗಳ ನಡುವೆ ಒಂದು ಹೊಸ ಗುಂಡು ಕುಳಿತರೆ ಭಾರವನ್ನು ಅದೇ ಹೆಚ್ಚು ಹೊರುತ್ತದೆ. ಮೊದಲ ಕೆಲವು ಸವಾರಿಗಳ ನಂತರ ರಿಮ್ಮನ್ನು ಮತ್ತೊಮ್ಮೆ ಅಲ್ಲಾಡಿಸಿ ನೋಡಿ.